ಊಟಾತೇನ್ರೀ, ಸರ?

ರನ್ನ ಬೆಳಗಲಿಯಲ್ಲಿ ಇಬ್ಬರು ಎದುರಾದರೆ ಮೊದಲು ಬಾಯಿಗೆ ಬರುವುದು ನಮಸ್ಕಾರವಲ್ಲ, ‘ಊಟಾತೇನ್ರೀ?’ ಎಂಬ ಮಾತು. ಮುಂಜಾನೆಯಾದರೆ ‘ಚಾ ಆತೇನ್ರೀ’, ಹೊತ್ತೇರಿದ ಮೇಲೆ ಊಟ. ಕೇಳಿದವರು ಉತ್ತರಕ್ಕೆ ಕಾಯುತ್ತ ನಿಲ್ಲುವುದಿಲ್ಲ. ‘ಹೂಂ ಆತ್ರೀ, ನಿಮ್ದು?’ ಅಂದರೆ ಮುಗಿಯಿತು. ಒಬ್ಬರು ಮುಧೋಳದ ಬಸ್ಸಿನ ಕಡೆ, ಇನ್ನೊಬ್ಬರು ಕಬ್ಬಿನ ಹೊಲದ ಕಡೆ.

ಊರಿನ ನಿವೃತ್ತ ಮಾಸ್ತರರೊಬ್ಬರಿಗೆ ಮಾತ್ರ ಈ ಮಾತು ಏಳೆಂಟು ವರ್ಷ ಮುಳ್ಳಿನ ಹಾಗೆ ಚುಚ್ಚಿತು. ಅವರ ಊಟ ತಾಟು ತೊಳೆದಿಟ್ಟ ಮೇಲೂ ಮುಗಿಯುತ್ತಿರಲಿಲ್ಲ. ತಾಸಿನ ನಂತರ ಹುಳಿ ತೇಗು, ಆಮೇಲೆ ಎದೆಗೂಡಿನ ಹಿಂದೆ ಉರಿ, ಅದರ ಹಿಂದೆ ಹೊಟ್ಟೆ ಹಲಗಿಯ ಹಾಗೆ ಬಿಗಿ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ನೀರು ಕುಡಿಯುವುದು, ಹೊರಗೆ ಕಟ್ಟೆಗೆ ಬಂದು ಅಡ್ಡಾಡುವುದು. ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಗುಳಿಗೆಯ ಪಟ್ಟಿ. ‘ಊಟಾತೇನ್ರೀ, ಸರ?’ ಅಂದರೆ ‘ಆತ್ರೀ’ ಎನ್ನುತ್ತಲೇ ಅವರ ಬಲಗೈ ತಾನಾಗಿ ಎದೆಯ ಮೇಲೆ ಹೋಗುತ್ತಿತ್ತು.

ಕೈ ಎದೆಗೆ ಹೋಗುವುದೇ ತಡ, ಔಷಧ ಹೇಳುವವರು ಸುತ್ತ ನೆರೆಯುತ್ತಿದ್ದರು. ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರು, ‘ಅಜವಾನ ಒಂದೀಟು ಉಪ್ಪ ಹಾಕಿ ಅಗೀರಿ’ ಅಂದರೆ, ಹಿಂದಿನ ಸೀಟಿನ ತಾಯಿ, ‘ಜೀರಗಿ ಕುದಿಸಿ ಕುಡೀರಿ ಅಣ್ಣಾರ’ ಅನ್ನುತ್ತಾರೆ. ಕಿರಾಣಿ ಅಂಗಡಿಯಲ್ಲಿ ಬಡೇಸೋಪು, ಗಿರಣಿಯ ಮುಂದೆ ಲೋಳಸರ, ಕಟಿಂಗ್ ಅಂಗಡಿಯಲ್ಲಿ ನಿಂಬೆಹಣ್ಣು-ಸೋಡಾ. ಪೇಟೆಯ ದೊಡ್ಡ ದವಾಖಾನೆಯಲ್ಲಿ ಎರಡು ನಿಮಿಷವೂ ಸಿಗದ ಕಿವಿ ಇಲ್ಲಿ ಅಪರಿಚಿತರಿಂದ ಪುಕ್ಕಟೆ ಸಿಗುತ್ತದೆ. ಇನ್ನೊಬ್ಬರ ಹೊಟ್ಟೆನೋವನ್ನು ತನ್ನದೆಂದು ತಿಳಿಯುವ ಈ ಗುಣ ದೊಡ್ಡದು.

ಹೇಳಿದ್ದರಲ್ಲಿ ಬಹಳಷ್ಟು ಖರೆಯೂ ಹೌದು. ಅಜವಾನದ ಘಾಟಿನಲ್ಲಿ ಥೈಮಾಲ್ ಇದೆ, ಬಡೇಸೋಪಿನ ಸಿಹಿ ವಾಸನೆಯಲ್ಲಿ ಅನೆಥಾಲ್. ಸೆಟೆದ ಕರುಳಿನ ಸ್ನಾಯುವನ್ನು ಇಂಥವು ಸಡಿಲಿಸುತ್ತವೆ, ಸಿಕ್ಕಿಬಿದ್ದ ಗಾಳಿಗೆ ದಾರಿ ಸಿಗುತ್ತದೆ. ಹಸಿ ಶುಂಠಿ ಜಠರ ಬೇಗ ಬರಿದಾಗಲು ನೆರವಾಗುತ್ತದೆ, ವಾಕರಿಕೆಗೂ ಒಳ್ಳೆಯದು. ಆಯುರ್ವೇದದ ಹಿಂಗ್ವಾಷ್ಟಕ ಚೂರ್ಣದಲ್ಲಿ ಶುಂಠಿ, ಮೆಣಸು, ಹಿಪ್ಪಲಿ, ಅಜಮೋದ, ಸೈಂಧವ ಲವಣ, ಎರಡು ಬಗೆಯ ಜೀರಿಗೆ, ಇಂಗು ಹೀಗೆ ಎಂಟು ಸೇರುತ್ತವೆ. ಅದನ್ನು ತುಪ್ಪದಲ್ಲಿ ಕಲಸಿ ಮೊದಲ ತುತ್ತಿಗೇ ತಿನ್ನಬೇಕೆಂಬುದು ಕ್ರಮ. ಎಂಟರಲ್ಲಿ ಅರ್ಧಕ್ಕಿಂತ ಹೆಚ್ಚು ಯಾವ ಮನೆಯ ಮಸಾಲೆ ಡಬ್ಬಿಯಲ್ಲೂ ಇರುವಂಥವೇ.

ಆದರೆ ಎಲ್ಲರ ಹೊಟ್ಟೆಯೂ ಒಂದೇ ಅಲ್ಲ. ಹೊಟ್ಟೆ ಉಬ್ಬರಿಸಿ ಕೂತಿದ್ದ ಕಾಕಾ ಒಬ್ಬರಿಗೆ ಪುದೀನ ಕಷಾಯದಿಂದ ಸುಖವಾಯಿತೆಂದು ಮಾಸ್ತರರೂ ಕುಡಿದರು. ಉರಿ ಗಂಟಲವರೆಗೆ ಏರಿತು. ಅನ್ನನಾಳ ಜಠರ ಸೇರುವಲ್ಲಿ ಉಂಗುರದಂಥ ಸ್ನಾಯುವೊಂದಿದೆ. ಉಂಡದ್ದು ಮೇಲೆ ಬಾರದಂತೆ ಅದು ಬಿಗಿಯಾಗಿ ಮುಚ್ಚಿಕೊಂಡಿರಬೇಕು. ಪುದೀನ ಕರುಳನ್ನು ಸಡಿಲಿಸುವಾಗ ಈ ಉಂಗುರವನ್ನೂ ಸಡಿಲಿಸುತ್ತದೆ. ಕಾಕಾನಿಗೆ ಅಮೃತವಾದದ್ದು ಮಾಸ್ತರರಿಗೆ ಹುಳಿಯಾಯಿತು. ‘ನೈಸರ್ಗಿಕ’ ಎಂಬ ಒಂದೇ ಪದದಡಿ ಎಲ್ಲ ಹೊಟ್ಟೆಗೂ ಒಂದೇ ಕಷಾಯ ಹಂಚುವವರು ಇದನ್ನು ಮರೆಯುತ್ತಾರೆ.

ಮಾಸ್ತರರ ತಲೆಮಾರಿಗೆ ಹೊಟ್ಟೆಯ ಔಷಧವೆಂದರೆ ಮೊದಲು ನೆನಪಾಗುವುದು ಔಡಲೆಣ್ಣೆ. ರವಿವಾರ ಬೆಳಗಿನ ಜಾವ ಅಮ್ಮ ಬಿಸಿ ಚಹಾದ ಬಟ್ಟಲಲ್ಲಿ ಎಣ್ಣೆ ಸುರಿದು ಒಲೆಯ ಮುಂದೆ ಕೂತಳೆಂದರೆ ಮನೆಯ ಹುಡುಗರು ಕಣಕಿ ಬಣವಿಯ ಹಿಂದೆ. ಒಬ್ಬನ ಮೂಗು ಹಿಡಿದು ಕುಡಿಸುವಷ್ಟರಲ್ಲಿ ಇನ್ನೊಬ್ಬ ಬಾವಿಯ ಕಡೆ ಓಡಿರುತ್ತಿದ್ದ. ಕುಡಿದ ಮೇಲೆ ಬಾಯಿಗೆ ಬೆಲ್ಲದ ತುಣುಕು, ಮಧ್ಯಾಹ್ನದವರೆಗೆ ಉಪವಾಸ, ಆಮೇಲೆ ಮೆತ್ತನ್ನ ಅನ್ನ ಮಜ್ಜಿಗೆ. ಔಡಲೆಣ್ಣೆಯ ರಿಸಿನೋಲಿಕ್ ಆಮ್ಲ ಕರುಳನ್ನು ಬಲವಂತವಾಗಿ ದೂಡುತ್ತದೆ. ಅದು ಎಂದೋ ಒಮ್ಮೆಯ ಮಾತು. ಮೇಲಿಂದ ಮೇಲೆ ಕುಡಿದರೆ ನೀರು, ಲವಣ ಹೋಗಿ ದೇಹ ಸೊರಗುತ್ತದೆ. ಆ ಮಧ್ಯಾಹ್ನದ ಮಜ್ಜಿಗೆ ಅನ್ನದ ರುಚಿ ಮಾತ್ರ ಮಾಸ್ತರರ ನಾಲಿಗೆಯ ಮೇಲೆ ಇನ್ನೂ ಇದೆ.

ರನ್ನನ ಹೆಸರು ಹೊತ್ತ ಊರಿನಲ್ಲಿ ಕೂತು ಹೊಟ್ಟೆಯ ಮಾತಾಡುವಾಗ ಭೀಮ ನೆನಪಾಗದೆ ಇರುವುದಿಲ್ಲ. ಬಳೆಗಾರರ ಮನೆಯಲ್ಲಿ ಜಿನವಲ್ಲಭ, ಅಬ್ಬಲಬ್ಬೆಯರ ಮಗನಾಗಿ 949ರಲ್ಲಿ ಹುಟ್ಟಿದ ರನ್ನ ತನ್ನ ‘ಗದಾಯುದ್ಧ’ಕ್ಕೆ ನಾಯಕನನ್ನಾಗಿ ಆರಿಸಿಕೊಂಡದ್ದು ಭೀಮನನ್ನು. ಭೀಮನಿಗೆ ವೃಕೋದರ ಎಂದೂ ಹೆಸರು. ತೋಳದ ಹೊಟ್ಟೆಯವನು, ಉಂಡದ್ದನ್ನೆಲ್ಲ ಅರಗಿಸುವ ಬೆಂಕಿಯನ್ನು ಒಡಲಲ್ಲಿ ಇಟ್ಟುಕೊಂಡವನು. ಬಕಾಸುರನಿಗೆ ಒಯ್ದ ಬಂಡಿ ಅನ್ನವನ್ನು ತಾನೇ ಉಂಡು ಮುಗಿಸಿ ಅವನೊಡನೆ ಹೊಡೆದಾಡಿದವನು. ಅದೇ ಕಾವ್ಯದಲ್ಲಿ ದುರ್ಯೋಧನ ತಣ್ಣನೆಯ ಕೊಳದಲ್ಲಿ ಅಡಗಿದ್ದಾನೆ. ಸುತ್ತ ನೀರು, ಒಳಗೆ ಮಾತ್ರ ಉರಿ. ಮೂವತ್ತು ವರ್ಷ ಈ ಪ್ರಸಂಗವನ್ನು ಮಕ್ಕಳಿಗೆ ಹೇಳಿಕೊಟ್ಟ ಮಾಸ್ತರರಿಗೆ ರಾತ್ರಿ ಎರಡು ಗಂಟೆಗೆ ಕಟ್ಟೆಯ ಮೇಲೆ ಕೂತು ತಣ್ಣೀರು ಗುಟುಕರಿಸುವಾಗ ಆ ಕೊಳ ಕಣ್ಣ ಮುಂದೆ ಬರುತ್ತಿತ್ತು.

ಹಳೆಯ ವೈದ್ಯರು ಈ ಒಡಲ ಬೆಂಕಿಯನ್ನು ನಾಲ್ಕು ಬಗೆಯಾಗಿ ಕಂಡರು: ಸಮ, ವಿಷಮ, ತೀಕ್ಷ್ಣ, ಮಂದ. ಮಂದಾಗ್ನಿಯೇ ರೋಗಗಳ ತಾಯಿಬೇರು ಎಂಬುದು ಅವರ ನಂಬಿಕೆ. ಬೆಳಗಲಿಯ ಸೀಮೆಯಲ್ಲಿ ಆ ಬೆಂಕಿಗೆ ಸಾವಿರ ವರ್ಷ ಬಿದ್ದ ಸೌದೆ ಜೋಳ. ಹಿಂಗಾರಿನ ಬಿಳಿ ಜೋಳ, ಅದರಲ್ಲೂ ಮಾಲದಂಡಿ. ಕುದಿವ ನೀರಿಗೆ ಹಿಟ್ಟು ಕಲಸಿ, ನಾದಿ, ಎರಡೂ ಅಂಗೈಯಿಂದ ಬಡಿದು, ಹಂಚಿನ ಮೇಲೆ ಒದ್ದೆ ಬಟ್ಟೆ ಸವರಿ ಬೇಯಿಸಿದ ರೊಟ್ಟಿ. ಗೋಧಿಯ ಅಂಟು ಅದರಲ್ಲಿಲ್ಲ; ಅಂಟು ಒಗ್ಗದ ಸೀಲಿಯಾಕ್ ಕಾಯಿಲೆಯವರು ಅಂಜದೆ ತಿನ್ನಬಹುದು. ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆ ಕೆಲವರ ದೊಡ್ಡ ಕರುಳಿನಲ್ಲಿ ಹುದುಗಿ ಗಾಳಿ ತುಂಬುತ್ತದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಇಂಥ ಸಕ್ಕರೆಗಳನ್ನು ಗುರುತಿಸಿ ರೂಪಿಸಿದ ಊಟದ ಕ್ರಮ ಇವತ್ತು ಜಗತ್ತಿನಾದ್ಯಂತ ಕೆರಳುವ ಕರುಳಿನವರಿಗೆ ಬಳಕೆಯಲ್ಲಿದೆ. ಅದರಲ್ಲಿ ಜೋಳ ಹಗುರ ಕಾಳುಗಳ ಸಾಲಿನಲ್ಲಿದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಮಾತ್ರ ಭಾರದ ಸಾಲಿನಲ್ಲಿ. ಕೈಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿಯಿಲ್ಲದೆ ರೊಟ್ಟಿ ಮುರಿಯದ ಸೀಮೆಗೆ ಈ ಮಾತು ಹೇಳುವುದು ಕಷ್ಟ, ಎಲ್ಲರೂ ಬಿಡಬೇಕಿಲ್ಲ. ತಿಂದ ಪ್ರತಿಸಲ ಹೊಟ್ಟೆ ಉಬ್ಬುವವರು ಮೂರ್ನಾಲ್ಕು ವಾರ ಬಿಟ್ಟು ನೋಡಿದರೆ ತಿಳಿಯುತ್ತದೆ.

ಘಟಪ್ರಭಾ ನೀರು ಕಾಲುವೆಯಲ್ಲಿ ಹರಿದ ಮೇಲೆ ಜೋಳದ ಎರೆ ಹೊಲಗಳು ಕಬ್ಬಿನ ತೋಟಗಳಾದವು. ರೊಕ್ಕ ಬಂತು, ಮಕ್ಕಳು ಓದಿದರು, ಮನೆ ಆರ್‌ಸಿಸಿ ಆಯಿತು. ಜೊತೆಗೆ ಬೆಳಗಿನ ನುಚ್ಚು-ಮಜ್ಜಿಗೆಯ ಜಾಗಕ್ಕೆ ಖಾಲಿ ಹೊಟ್ಟೆಯ ಚಹಾ, ಬಿಸ್ಕೀಟು, ಸೋಡಾ ಹಾಕಿದ ಭಜಿ ಬಂದವು. ಕಬ್ಬು ಕಡಿಯುವ ಹಂಗಾಮಿನಲ್ಲಿ ಸಮೀರವಾಡಿಯ ಕಾರ್ಖಾನೆಯ ಮುಂದೆ ಸರದಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡ ಹುಡುಗನ ರಾತ್ರಿ ಊಟ ಹನ್ನೆರಡಕ್ಕೋ ಒಂದಕ್ಕೋ. ಸ್ಟೇರಿಂಗ್ ಮೇಲೆ ತಲೆಯಿಟ್ಟು ಅಲ್ಲೇ ನಿದ್ದೆ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಪವರ್‌ಲೂಮಿನ ಖಟಖಟದ ನಡುವೆ ದಿನಕ್ಕೆ ಏಳೆಂಟು ಚಹಾ, ತುಟಿಯ ಹಿಂದೆ ತಂಬಾಕು, ಸೊಂಟ ಹಿಡಿದಾಗ ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆ.

ಆ ನೋವಿನ ಗುಳಿಗೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಹೊಟ್ಟೆ ಕೆಟ್ಟರೆ ನಮ್ಮ ಬೈಗುಳ ಬೀಳುವುದು ಖಾರದ ಮೇಲೆ. ‘ಖಾರಾ ಬಿಡ್ರಿ’ ಎಂಬುದು ಮೊದಲ ಉಪದೇಶ. ಖಾರ ಉರಿಯನ್ನು ಹೆಚ್ಚಿಸುತ್ತದೆ, ಖರೆ. ಆದರೆ ಹುಣ್ಣು ಮಾಡುವ ಮುಖ್ಯ ಅಪರಾಧಿಗಳು ಬೇರೆ ಇಬ್ಬರು. ಒಬ್ಬ ಈ ಗುಳಿಗೆ: ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯದು, ಜಠರದ ಒಳಪೊರೆಯ ರಕ್ಷಣೆಯನ್ನೇ ಕಿತ್ತುಹಾಕುತ್ತದೆ. ಇನ್ನೊಬ್ಬ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸುರುಳಿ ಬ್ಯಾಕ್ಟೀರಿಯಾ. ಆಮ್ಲದಲ್ಲಿ ಯಾವ ಜೀವಿಯೂ ಬದುಕದೆಂದು ವೈದ್ಯರೆಲ್ಲ ನಂಬಿದ್ದ ಕಾಲದಲ್ಲಿ, 1984ರಲ್ಲಿ, ಬ್ಯಾರಿ ಮಾರ್ಷಲ್ ಎಂಬ ಆಸ್ಟ್ರೇಲಿಯಾದ ತರುಣ ವೈದ್ಯ ಆ ಬ್ಯಾಕ್ಟೀರಿಯಾದ ಬಟ್ಟಲನ್ನು ತಾನೇ ಕುಡಿದ. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ; ನೋಡಿದರೆ ಜಠರ ಬಾತಿತ್ತು. 2005ರಲ್ಲಿ ಅವನಿಗೂ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಆ ಹುಳ ಒಳಗಿದ್ದರೆ ಜೀರಿಗೆ ನೀರು ಸಾಲದು; ವೈದ್ಯರು ಬರೆದ ಆ್ಯಂಟಿಬಯೋಟಿಕ್ ಗುಳಿಗೆಗಳನ್ನು ಪೂರ್ತಿ ದಿನ ನುಂಗಲೇಬೇಕು.

ಮಾಸ್ತರರಲ್ಲಿ ಆ ಹುಳ ಇರಲಿಲ್ಲ. ಬಾಗಲಕೋಟೆಗೆ ಹೋಗಿ ಗಂಟಲಲ್ಲಿ ನಳಿಗೆ ಇಳಿಸಿಕೊಂಡು ಬಂದಿದ್ದರು. ಹುಣ್ಣಿಲ್ಲ, ಉಂಗುರ ಸಡಿಲ, ಆಮ್ಲ ಮೇಲೆ ಬರುತ್ತದೆ ಎಂದಾಯಿತು. ಎರಡು ತಿಂಗಳಿಗೆಂದು ಬರೆದ ಗುಳಿಗೆಯನ್ನು ಅವರು ತಾವೇ ವರ್ಷಗಟ್ಟಲೆ ಮುಂದುವರಿಸಿದರು. ಒಮ್ಮೆ ಸಿಟ್ಟಿನಿಂದ ಪಟ್ಟಿ ಎಸೆದರೆ ಉರಿ ಇಮ್ಮಡಿಯಾಗಿ ಬಂತು. ಆಮ್ಲ ತಡೆಯುವ ಗುಳಿಗೆಯನ್ನು ಬಹಳ ದಿನ ನುಂಗಿ ಒಮ್ಮೆಲೇ ಬಿಟ್ಟರೆ ಹೀಗಾಗುವುದುಂಟು. ಅದನ್ನು ವೈದ್ಯರನ್ನು ಕೇಳಿ ಮೆಲ್ಲಗೆ ಇಳಿಸಬೇಕು.

ಇನ್ನೂ ನೌಕರಿಯಲ್ಲಿದ್ದಾಗ, ಪರೀಕ್ಷೆ ಬರುವ ಮಾರ್ಚ್ ತಿಂಗಳಲ್ಲಿ ಮಾಸ್ತರರ ಹೊಟ್ಟೆ ಹೆಚ್ಚು ಕೆರಳುತ್ತಿತ್ತು ಎಂಬುದನ್ನು ಮೊದಲು ಗಮನಿಸಿದವರು ಅವರ ಮನೆಯವರು. ‘ಪೇಪರ್ ಕಟ್ಟು ಮನಿಗೆ ಬಂದ್ರ ನಿಮ್ಮ ಹೊಟ್ಟಿ ಕೆಡತೈತಿ ನೋಡ್ರೀ’ ಎಂದರು. ಆ ಮಾತು ಹಗುರದ್ದಲ್ಲ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ತುಪ್ಪಳದ ವ್ಯಾಪಾರದ ಆಳಿಗೆ ಬಂದೂಕಿನ ಗುಂಡು ತಗುಲಿತು. ಗಾಯ ಮಾಯ್ದರೂ ಹೊಟ್ಟೆಯ ತೂತು ಮುಚ್ಚಲಿಲ್ಲ. ವಿಲಿಯಂ ಬೋಮಾಂಟ್ ಎಂಬ ಸೈನ್ಯದ ವೈದ್ಯ ಆ ಕಿಟಕಿಯಿಂದ ವರ್ಷಗಟ್ಟಲೆ ಇಣುಕಿ, ಅನ್ನ ಹೇಗೆ ಕರಗುತ್ತದೆಂದು ಬರೆದಿಟ್ಟು 1833ರಲ್ಲಿ ಪುಸ್ತಕ ಮಾಡಿದ. ಆಳು ಸಿಟ್ಟಾದಾಗ ಜಠರದ ಕೆಲಸ ಏರುಪೇರಾಗುವುದನ್ನು ಅವನು ಕಣ್ಣಾರೆ ಕಂಡಿದ್ದ. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆಯೆಂದು ಈಗ ತಿಳಿದಿದೆ. ‘ಹೊಟ್ಟೆ ಉರಿ’, ‘ಹೊಟ್ಟೆಗೆ ಹಾಕಿಕೊಳ್ಳುವುದು’, ‘ಕರುಳು ಚುರ್ ಅನ್ನುವುದು’ ಎಂದು ಮನಸ್ಸಿನ ಮಾತನ್ನೆಲ್ಲ ಹೊಟ್ಟೆಯಲ್ಲಿಟ್ಟು ಆಡಿದ ಕನ್ನಡಕ್ಕೆ ಇದು ಹೊಸದಲ್ಲ.

ಮಜ್ಜಿಗೆಯ ಮಾತು ಬಾಕಿ ಇದೆ. ಗ್ರಹಣಿ, ಮೂಲವ್ಯಾಧಿಗೆ ಚರಕಸಂಹಿತೆ ಬಹುವಾಗಿ ಹೊಗಳಿದ್ದು ಮಜ್ಜಿಗೆಯನ್ನು. ರನ್ನನಿಗಿಂತ ಒಂದು ತಲೆಮಾರು ಈಚೆಗೆ, 1025ರ ಹೊತ್ತಿಗೆ, ಚಾಲುಕ್ಯರ ಆಶ್ರಯದಲ್ಲೇ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ ಬರೆದ. ಬಾವಿ ತೋಡುವುದು, ಗಿಡ ಬೆಳೆಸುವುದು ಹೇಳಿದ ಪುಸ್ತಕದಲ್ಲೇ ಅಡುಗೆಯೂ ವೈದ್ಯವೂ ಇವೆ. ಅಡುಗೆ ಮತ್ತು ವೈದ್ಯ ಬೇರೆ ಬೇರೆ ಮನೆಯವಲ್ಲ ಎಂದು ಆ ಕಾಲಕ್ಕೇ ತಿಳಿದಿತ್ತು. 1908ರಲ್ಲಿ ನೊಬೆಲ್ ಪಡೆದ ರಷ್ಯಾದ ವಿಜ್ಞಾನಿ ಮೆಚ್ನಿಕೋವ್ ಹುಳಿ ಹಾಲಿನಲ್ಲಿರುವ ಜೀವಿಗಳು ಆಯುಷ್ಯ ಹೆಚ್ಚಿಸುತ್ತವೆಂದು ನಂಬಿ ತಾನೂ ದಿನಾ ಕುಡಿದ. ಆಯುಷ್ಯದ ಮಾತು ಇರಲಿ, ಹಾಲು ಒಗ್ಗದವರಿಗೂ ಮಜ್ಜಿಗೆ ಒಗ್ಗುವುದುಂಟು. ಹಾಲಿನ ಸಕ್ಕರೆಯ ಒಂದಷ್ಟನ್ನು ಹೆಪ್ಪಿನ ಜೀವಿಗಳು ಮೊದಲೇ ತಿಂದಿರುತ್ತವೆ. ಬೆಣ್ಣೆ ತೆಗೆದು ತೆಳ್ಳಗೆ ಕಡೆದು, ಜೀರಿಗೆ ಪುಡಿ, ಕರಿಬೇವು, ಚಿಟಿಕೆ ಉಪ್ಪು ಹಾಕಿ ಮಧ್ಯಾಹ್ನದ ಊಟಕ್ಕೆ ಕುಡಿದರೆ ಸಾಕು.

ಮಲಬದ್ಧತೆಯವರ ಕಥೆ ಬೇರೆ. ಅವರಿಗೆ ಬೇಕಾದದ್ದು ನಾರು ಮತ್ತು ನೀರು. ಹತ್ತರಕಿ, ಮೂಲಂಗಿ, ಮೆಂತೆ ತಪ್ಪಲ, ಪುಂಡಿಪಲ್ಯ, ಅಗಸಿ ಚಟ್ನಿ, ಮಡಕಿಕಾಳು ಇರುವ ನಾಡಿನಲ್ಲಿ ನಾರಿಗೆ ಬರವಿಲ್ಲ. ಇಸಬಗೋಲ ಒಳ್ಳೆಯದೇ, ಆದರೆ ತುಂಬಿದ ಲೋಟ ನೀರಿನ ಜೊತೆ; ಒಣಗಿದ್ದನ್ನು ನುಂಗಿದರೆ ಅದೇ ಅಡ್ಡವಾಗುತ್ತದೆ. ಎಲ್ಲವನ್ನೂ ಒಂದೇ ದಿನ ಹೆಚ್ಚಿಸಿದರೆ ಹೊಟ್ಟೆ ಗಾಳಿಯಿಂದ ಬಿಗಿಯುತ್ತದೆ. ವಾರಕ್ಕೆ ಸ್ವಲ್ಪ ಸ್ವಲ್ಪ.

ಮಾಸ್ತರರಿಗೆ ದಾರಿ ತೋರಿದ್ದು ಮಾತ್ರ ಯಾವ ಪುಡಿಯೂ ಅಲ್ಲ, ಪಕ್ಕದ ಮನೆಯ ಜೈನ ಅಜ್ಜಿ. ಒಂದು ಸಂಜೆ ಆರಕ್ಕೆ ಪತ್ರಿಕೆ ಕೇಳಲು ಹೋದಾಗ ಆ ಮನೆಯಲ್ಲಿ ತಾಟು ಹಾಕಿದ್ದರು. ‘ಬರ್ರಿ ಮಾಸ್ತರ, ಊಟಕ್ಕ ಕೂಡ್ರಿ. ಹೊತ್ತು ಮುಳುಗಿದ ಮ್ಯಾಲ ನಮ್ಮನ್ಯಾಗ ಒಲಿ ಹಚ್ಚಂಗಿಲ್ರೀ’ ಎಂದಳು ಅಜ್ಜಿ. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ. ಬೇಡವೆನ್ನಲಾಗದೆ ಉಂಡರು. ಹತ್ತಕ್ಕೆ ಮಲಗಿದವರಿಗೆ ಎಚ್ಚರವಾದಾಗ ಬೆಳಗಿನ ಐದೂವರೆ. ಎರಡು ಗಂಟೆಯ ಕಟ್ಟೆ ಅವತ್ತು ಖಾಲಿ ಇತ್ತು.

ಕತ್ತಲಾದ ಮೇಲೆ ಉಣ್ಣದಿರುವುದು ಜೈನರಿಗೆ ಅಹಿಂಸೆಯ ವ್ರತ. ದೀಪಕ್ಕೆ ಬರುವ ಸಣ್ಣ ಜೀವಿ ಅನ್ನದಲ್ಲಿ ಬಿದ್ದು ಸಾಯಬಾರದೆಂಬ ಕರುಣೆ. ‘ಅಜಿತಪುರಾಣ’ವನ್ನು 993ರಲ್ಲಿ ಬರೆದ ರನ್ನನೂ ಜೈನನೇ. ಹತ್ತಿರದ ತೇರದಾಳದಲ್ಲಿ 12ನೆಯ ಶತಮಾನದ ನೇಮಿನಾಥ ಬಸದಿ ಇದೆ. ಅಷ್ಟು ಕಾಲದಿಂದ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಸಂಜೆಯ ಊಟ ಸೂರ್ಯನ ಜೊತೆಗೇ ಮುಗಿಯುತ್ತ ಬಂದಿದೆ. ಆಮ್ಲದ ಉರಿಯವರಿಗೆ ಇವತ್ತಿನ ವೈದ್ಯರು ಹೇಳುವ ಮೊದಲ ಮಾತುಗಳಲ್ಲೊಂದು ಇದೇ: ಊಟಕ್ಕೂ ನಿದ್ದೆಗೂ ನಡುವೆ ಮೂರು ತಾಸು ಇರಲಿ. ಎಡಮಗ್ಗುಲಾಗಿ ಮಲಗಿ ಎಂಬುದು ಇನ್ನೊಂದು. ಹಾಗೆ ಮಲಗಿದಾಗ ಜಠರದ ಹುಳಿ ಅನ್ನನಾಳದ ಬಾಯಿಗಿಂತ ಕೆಳಗೆ ನಿಲ್ಲುತ್ತದೆ. ಊಟದ ಮೇಲಿನ ನೂರು ಹೆಜ್ಜೆ, ವಾಮಕುಕ್ಷಿ ಎಂದು ನಮ್ಮ ಹಿರಿಯರು ದಿನಾ ಆಡುತ್ತಿದ್ದ ಮಾತುಗಳು ಹೀಗೆ ಹೊಸ ಅಂಗಿ ತೊಟ್ಟು ಮನೆಗೆ ಮರಳಿವೆ. ಮಾಸ್ತರರು ಮಂಚದ ತಲೆಭಾಗದ ಎರಡು ಕಾಲಿಗೆ ಒಂದೊಂದು ಇಟ್ಟಂಗಿ ಇಟ್ಟರು. ಸಂಜೆ ಊಟವಾದ ಮೇಲೆ ಊರ ಹೊರಗಿನ ಹೊಲದವರೆಗೆ ನಡೆದು ಬರತೊಡಗಿದರು. ಖಾಲಿ ಹೊಟ್ಟೆಯ ಚಹಾ ಬಿಟ್ಟದ್ದು ಎಲ್ಲಕ್ಕಿಂತ ಕಷ್ಟವಾಯಿತು.

ಎಳ್ಳ ಅಮಾವಾಸ್ಯೆಗೆ ಯಾವ ನಿಯಮವೂ ಇಲ್ಲ, ಇರಬಾರದು ಕೂಡ. ಚರಗ ಚೆಲ್ಲಿ ಹೊಲದಲ್ಲಿ ಕೂತಾಗ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮಾದಲಿ, ಶೇಂಗಾ ಹೋಳಿಗೆ, ಕಡಬು ಒಂದರ ಮೇಲೊಂದು ಬರುತ್ತವೆ. ‘ಇನ್ನೊಂದ ರೊಟ್ಟಿ ಹಾಕ್ಕೋರಿ ಸರ’ ಎಂಬ ಒತ್ತಾಯಕ್ಕೆ ಇಲ್ಲವೆನ್ನುವವರು ಈ ಸೀಮೆಯಲ್ಲಿ ಹುಟ್ಟಿಲ್ಲ. ಆದರೂ ಆ ಊಟ ಯಾರನ್ನೂ ರಾತ್ರಿ ಎಬ್ಬಿಸುವುದು ಅಪರೂಪ: ನಡು ಮಧ್ಯಾಹ್ನದ ಊಟ, ಬಯಲ ಗಾಳಿ, ಜನರ ನಗು, ಸಂಜೆಯವರೆಗೆ ಬದುವಿನ ಮೇಲೆ ಓಡಾಟ, ರಾತ್ರಿ ಮಜ್ಜಿಗೆ ಮಾತ್ರ.

ಈಗ ಒಂದು ಮಾತು, ಓದುವವರು ಮನೆಯವರಿಗೂ ಹೇಳಬೇಕಾದದ್ದು. ನಮ್ಮ ಕಡೆ ‘ಗ್ಯಾಸ್ ಆಗೇತಿ’ ಎಂಬ ಒಂದೇ ಮಾತಿನಡಿ ಎದೆಯ ಎಲ್ಲ ನೋವೂ ಅಡಗುತ್ತದೆ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಇಳಿದರೆ ಅಜವಾನ ಹುಡುಕುತ್ತ ಕೂಡಬಾರದು, 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಓಡಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರ ತಂದದ್ದೇ ಇಂಥ ಗಳಿಗೆಗಾಗಿ. ಹಾಗೆಯೇ ಡಾಂಬರಿನಂತೆ ಕಪ್ಪು ಮಲ, ರಕ್ತದ ವಾಂತಿ, ನುಂಗಲು ತೊಡಕು, ಕಾರಣವಿಲ್ಲದೆ ಇಳಿಯುವ ತೂಕ, ಐವತ್ತು ದಾಟಿದ ಮೇಲೆ ಹೊಸದಾಗಿ ಹತ್ತಿದ ಹೊಟ್ಟೆನೋವು ಇವು ಕಷಾಯಕ್ಕೆ ಕಾಯುವಂಥವಲ್ಲ. ಮನೆಮದ್ದಿನ ಮೇಲೆ ಪ್ರೀತಿ ಇರುವವರೇ ಇದನ್ನು ಗಟ್ಟಿಯಾಗಿ ಹೇಳಬೇಕು. ಸುಮ್ಮನಿದ್ದರೆ ತಡಮಾಡಿದ್ದರಿಂದಾದ ಸಾವುನೋವಿನ ತಪ್ಪು ಜೀರಿಗೆಯ ತಲೆಗೆ ಬರುತ್ತದೆ.

ಈಗ ಸಂಜೆ ಏಳಕ್ಕೆ ಬಸ್ ಸ್ಟ್ಯಾಂಡಿನ ಹತ್ತಿರ ಯಾರಾದರೂ ‘ಊಟಾತೇನ್ರೀ, ಸರ?’ ಅಂದರೆ, ಮಾಸ್ತರರು ‘ಹೊತ್ತ ಮುಳುಗೂ ಮುಂಚೇನ ಆತ್ರೀ, ನಿಮ್ದು?’ ಎಂದು ನಿಂತು ಕೇಳುತ್ತಾರೆ. ಗುಳಿಗೆಯ ಪಟ್ಟಿ ಕಿಸೆಯಿಂದ ಕಪಾಟಿಗೆ ಹೋಗಿದೆ. ಮದುವೆ ಸೀಸನ್ನಿನಲ್ಲಿ, ರಾತ್ರಿ ಹನ್ನೊಂದಕ್ಕೆ ಪಂಕ್ತಿ ಕೂರಿಸಿದ ಮರುದಿನ, ಇನ್ನೂ ಒಂದು ಬೇಕಾಗುತ್ತದೆ.